ದೇಸಾ, ನೆಗೆರಿ, ರಾಜಾ, ಸಾಸಿ: ಇಂಡೊನೇಷ್ಯಾದ ಊರಾಡಳಿತದ ಪದಗಳಿಗೆ ಕನ್ನಡ

ಪ್ರಶ್ನೆ

ಮಾನ್ಯರೇ, ಇಂಡೊನೇಷ್ಯಾದ ಮಾಲುಕು ದ್ವೀಪಗಳ ಮೀನುಗಾರಿಕೆ ಮತ್ತು ಊರಾಡಳಿತದ ಬಗೆಗಿನ ಒಂದು ವರದಿ ಕನ್ನಡಕ್ಕೆ ಬರಬೇಕಿದೆ. ಪದಗಳು ಕಿವಿಗೆ ನಮ್ಮವೇ ಅನ್ನಿಸುತ್ತವೆ, ಅರ್ಥ ಮಾತ್ರ ಕೂಡುತ್ತಿಲ್ಲ. "ಕೆಪಾಲಾ ದೇಸಾ" ಎಂಬುದಕ್ಕೆ ಗ್ರಾಮ ಪಂಚಾಯಿತಿ ಅಧ್ಯಕ್ಷ ಎನ್ನಬಹುದೇ? ದೇಸಾ, ನೆಗೆರಿ, ಕೆಲುರಾಹಾನ್ ಮೂರೂ ಒಂದೇ ಪುಟದಲ್ಲಿವೆ. ಮೂರಕ್ಕೂ "ಗ್ರಾಮ" ಸಾಕೇ? ಊರಿನ ಮುಖ್ಯಸ್ಥನನ್ನು "ರಾಜಾ" ಎಂದೇ ಬರೆದಿದ್ದಾರೆ, ಹಾಗೇ ಬಿಡಬಹುದೇ? ಕೊನೆಯದು ಈ ವಾಕ್ಯ: "ಸಾಸಿಯನ್ನು ಮುಚ್ಚಲಾಯಿತು, ಆರು ತಿಂಗಳ ಬಳಿಕ ತೆರೆಯಲಾಯಿತು." ಸಾಸಿ ಎಂದರೆ ನಿಷೇಧ ಎನ್ನುತ್ತದೆ ಪದಕೋಶ. ಹಾಗಾದರೆ ನಿಷೇಧ ಮುಗಿದದ್ದು ಮುಚ್ಚಿದಾಗಲೋ, ತೆರೆದಾಗಲೋ?

ಉತ್ತರ

ಕೊನೆಯದನ್ನೇ ಮೊದಲು ನೋಡೋಣ, ಅಲ್ಲಿ ಎಡವಿದರೆ ವರದಿಯೇ ತಲೆಕೆಳಗಾಗುತ್ತದೆ. "ತುತುಪ್ ಸಾಸಿ" ಅಂದರೆ ಸಾಸಿ ಮುಚ್ಚುವುದು. ನಿಷೇಧ ಶುರುವಾಗುವುದು ಆಗ. "ಬುಕಾ ಸಾಸಿ" ಅಂದರೆ ತೆರೆಯುವುದು. ಕೊಯ್ಲು ಶುರುವಾಗುವುದು ಆಗ. ಮುಚ್ಚುವುದು ಹೊಳೆಯನ್ನು, ಕಡಲಿನ ಒಂದು ಭಾಗವನ್ನು, ತೋಟವನ್ನು, ನಿಷೇಧವನ್ನಲ್ಲ. ಸಾಸಿಯ ಜಾಗದಲ್ಲಿ ಕಣ್ಣುಮುಚ್ಚಿ "ನಿಷೇಧ" ಇಟ್ಟರೆ "ನಿಷೇಧವನ್ನು ಮುಚ್ಚಲಾಯಿತು" ಎಂದಾಗುತ್ತದೆ, ಓದುವವರು ನಿಷೇಧ ಮುಗಿಯಿತು ಎಂದುಕೊಳ್ಳುತ್ತಾರೆ. ನಡೆದದ್ದು ಅದಕ್ಕೆ ತದ್ವಿರುದ್ಧ.

ವ್ಯವಸ್ಥೆ ಹೀಗಿದೆ. ತೆಂಗಿನಕಾಯಿ, ಲೋಲಾ ಎಂಬ ಚಿಪ್ಪುಜೀವಿ, ತೆರಿಪಾಂಗ್ ಎಂಬ ಕಡಲ ಜೀವಿ (ಕಡಲ ಸೌತೆ), ಹೊಳೆಗೆ ಬರುವ ಮೀನು, ಹೀಗೆ ಯಾವುದಾದರೊಂದರ ಕೊಯ್ಲನ್ನು ಊರು ಒಂದು ಅವಧಿಗೆ ತಡೆಯುತ್ತದೆ. ಗುರುತಿಗೆ ಕಂಬಕ್ಕೆ ಎಳೆಯ ತೆಂಗಿನ ಗರಿ ಕಟ್ಟುತ್ತಾರೆ. ಕಾಯುವವರು ಕೇವಾಂಗ್. ಲೋಲಾದ ಚಿಪ್ಪಿನಿಂದ ಗುಂಡಿ ಮಾಡುತ್ತಾರೆ, ಬೆಲೆ ಚೆನ್ನಾಗಿದೆ. ತಡೆ ಇಲ್ಲದಿದ್ದರೆ ಒಬ್ಬ ಬಿಟ್ಟದ್ದನ್ನು ಇನ್ನೊಬ್ಬ ಎತ್ತುತ್ತಾನೆ, ಮೊಟ್ಟೆ ಇಡುವ ಮೊದಲೇ ಮರಿಗಳು ಚೀಲ ಸೇರುತ್ತವೆ. ಹಾರುಕು ದ್ವೀಪದ ಲೊಂಪಾ ಮೀನಿನ ಸಾಸಿ ಎಲ್ಲಕ್ಕಿಂತ ಹೆಸರುವಾಸಿ. 1985ರಲ್ಲಿ ಅಲ್ಲಿನ ಕೇವಾಂಗ್‌ಗೆ ಸರ್ಕಾರದ ಕಾಲ್ಪತರು ಪ್ರಶಸ್ತಿ ಬಂದಿತ್ತು (ಹೌದು, ನಮ್ಮ ಕಲ್ಪತರುವೇ). ಲೊಂಪಾ ಹಗಲು ಹೊಳೆಯಲ್ಲಿದ್ದು ರಾತ್ರಿ ಮೇಯಲು ಕಡಲಿಗೆ ಹೋಗುವ ಮೀನು. ಹಾಗಾಗಿ ಸಾಸಿ ತೆರೆಯುವ ದಿನ ಮೀನು ಹೊಳೆಗೆ ಮರಳಿದ ಮೇಲೆ ಅಳಿವೆಗೆ ಅಡ್ಡ ಬಲೆ ಹಾಕುತ್ತಾರೆ. ಸಾಸಿ ಇರುವಾಗ ದೋಣಿಯ ಯಂತ್ರ ಚಾಲೂ ಇಟ್ಟು ಹೊಳೆಗೆ ಬರುವುದಕ್ಕೂ ತಡೆ ಇದೆ. ಬರೀ "ಮೀನುಗಾರಿಕೆ ನಿಷೇಧ" ಎಂದರೆ ಇದೆಲ್ಲ ಕೈಬಿಟ್ಟುಹೋಗುತ್ತದೆ. ಸಾಲದ್ದಕ್ಕೆ ಆ ಮಾತು ಕೇಳಿದೊಡನೆ ನಮ್ಮ ಕರಾವಳಿಯವರಿಗೆ ನೆನಪಾಗುವುದು ಜೂನ್ 1ರಿಂದ ಜುಲೈ 31ರವರೆಗಿನ 61 ದಿನ. ಅದು ಸರ್ಕಾರದ ಆದೇಶ, ತಾರೀಖು ಗೊತ್ತುಮಾಡಿದ್ದು, ಯಂತ್ರದ ದೋಣಿಗಳಿಗೆ ಅನ್ವಯಿಸುವಂಥದ್ದು. ಸಾಸಿಯಲ್ಲಿ ತಾರೀಖು ಗೊತ್ತುಮಾಡುವುದು ಊರು, ಫಸಲು ನೋಡಿಕೊಂಡು. ಕೆಲವೆಡೆ ಚರ್ಚಿನ ಪ್ರಾರ್ಥನೆಯೊಂದಿಗೆ ಸಾಸಿ ಹಾಕುತ್ತಾರೆ. ಪಪುವಾ ಬದಿಯ ಮಿಸೂಲ್ ದ್ವೀಪದ ಕಪಾಚೋಲ್‌ನಲ್ಲಿ ಹೆಂಗಸರ ಗುಂಪಿನ ಕೈಯಲ್ಲೇ ಒಂದು ಸಾಸಿ ಪ್ರದೇಶವಿದೆ.

ನನ್ನ ಸಲಹೆ "ಕಟ್ಟು". ಕಟ್ಟುಪಾಡು, ಕಟ್ಟುಕಟ್ಟಳೆಗಳ ಕಟ್ಟೂ ಹೌದು, ಗರಿ ಕಟ್ಟುವುದೂ ಹೌದು. "ಲೋಲಾಕ್ಕೆ ಕಟ್ಟು ಹಾಕಿದರು, ಆರು ತಿಂಗಳಾದ ಮೇಲೆ ಕಟ್ಟು ಬಿಚ್ಚಿದರು."

ಇನ್ನು ಆಡಳಿತದ ಪದಗಳು. ಇವುಗಳಲ್ಲಿ ಹಲವು ಸಂಸ್ಕೃತದಿಂದ ಹೋದವು, ನಮಗೆ ತೊಡಕಾಗಿರುವುದೂ ಅದೇ. ದೇಸಾ ನಮ್ಮ ದೇಶವೇ, ಅಲ್ಲಿ ಹಳ್ಳಿ. ಬುಪಾತಿ ಭೂಪತಿ, ಆದರೆ ಅವರು ಜನ ಆರಿಸಿದ ಜಿಲ್ಲಾ ಮುಖ್ಯಸ್ಥರು. 2005ರಿಂದ ನೇರ ಚುನಾವಣೆ. ಕೆಪಾಲಾ ಕಪಾಲ, ಅಲ್ಲಿ ತಲೆ, ಮುಖ್ಯಸ್ಥ. ಬೆಂದಾಹಾರಾ ಭಾಂಡಾಗಾರ, ಅಲ್ಲಿ ಖಜಾಂಚಿ. ವಾರ್ಗಾ ಎಂದರೆ ವರ್ಗವಲ್ಲ, ಊರಿನ ನಿವಾಸಿ. "ದಾನಾ ದೇಸಾ" ಎಂಬುದನ್ನು "ದೇಶದಾನ" ಎಂದು ಬರೆದವರೂ ಇದ್ದಾರೆ! ಆ ಭಾಷೆಯ ಬರಹದಲ್ಲಿ ಮಹಾಪ್ರಾಣವಿಲ್ಲ, ದಾನ ಧನ ಎರಡೂ ಒಂದೇ ಆಗಿ ಕಾಣುತ್ತವೆ. ಇದು 2015ರಿಂದ ಕೇಂದ್ರದ ಬಜೆಟ್ಟಿನಿಂದ ಹಳ್ಳಿಗಳಿಗೆ ಹೋಗುವ ಹಣ, "ಗ್ರಾಮ ಅನುದಾನ" ಎಂದರೆ ಸರಿಹೋಗುತ್ತದೆ.

ಪದದ ಮೂಲ ಬಿಟ್ಟು ಹುದ್ದೆಯನ್ನು ನೋಡಿ: ಯಾರು ನೇಮಿಸುತ್ತಾರೆ, ಹಣಕ್ಕೆ ಸಹಿ ಯಾರದು. ಕೆಪಾಲಾ ದೇಸಾ ಅವರನ್ನು ಊರಿನ ಮತದಾರರು ನೇರವಾಗಿ ಆರಿಸುತ್ತಾರೆ. ಅವಧಿ 6 ವರ್ಷ ಇತ್ತು, 2024ರ ತಿದ್ದುಪಡಿಯ ಬಳಿಕ 8 ವರ್ಷ. ಅವರ ಜೊತೆಗೆ ಬೇಪೇದೇ ಎಂಬ ಪ್ರತ್ಯೇಕ ಪ್ರತಿನಿಧಿ ಮಂಡಳಿ ಇರುತ್ತದೆ. ಸದಸ್ಯರು 5ರಿಂದ 9, ಬೆಸ ಸಂಖ್ಯೆಯಲ್ಲೇ ಇರಬೇಕು. ನಮ್ಮಲ್ಲಿ ಪಂಚಾಯಿತಿ ಸದಸ್ಯರು ತಮ್ಮೊಳಗೆ ಒಬ್ಬರನ್ನು ಅಧ್ಯಕ್ಷರನ್ನಾಗಿ ಆರಿಸಿಕೊಳ್ಳುತ್ತಾರೆ, ಅಲ್ಲಿ ಹಾಗಿಲ್ಲ. ಆದ್ದರಿಂದ "ಗ್ರಾಮ ಪಂಚಾಯಿತಿ ಅಧ್ಯಕ್ಷ" ಬೇಡ, "ಗ್ರಾಮ ಮುಖ್ಯಸ್ಥ" ಸಾಕು. ಮುಶಾವಾರಾ ದೇಸಾ ಎಂಬ ಊರಿನ ಸಭೆಗೆ "ಗ್ರಾಮಸಭೆ"ಯೂ ಬೇಡ. ನಮ್ಮ ಗ್ರಾಮಸಭೆಯಲ್ಲಿ ಎಲ್ಲ ಮತದಾರರೂ ಸದಸ್ಯರು. ಅಲ್ಲಿ ಬೇಪೇದೇ ಕರೆಯುವುದು ತನ್ನ ಸದಸ್ಯರು, ಊರಾಡಳಿತ ಮತ್ತು ಬೇರೆ ಬೇರೆ ಗುಂಪುಗಳ ಪ್ರತಿನಿಧಿಗಳನ್ನು. "ಗ್ರಾಮ ಸಮಾಲೋಚನೆ" ಎನ್ನಬಹುದು. ವರದಿಯಲ್ಲಿ ಯೋಜನೆಯ ಕಾಲಪಟ್ಟಿ ಇದ್ದರೆ ಗಮನಿಸಿ: ಮುಂದಿನ ವರ್ಷದ ಕೆಲಸಪಟ್ಟಿ ಸೆಪ್ಟೆಂಬರ್ ಕೊನೆಯೊಳಗೆ, ಊರಿನ ಬಜೆಟ್ ಡಿಸೆಂಬರ್ 31ರೊಳಗೆ. ಅವರ ಆರ್ಥಿಕ ವರ್ಷ ಜನವರಿಯಿಂದ, ನಮ್ಮ ಏಪ್ರಿಲ್ ಲೆಕ್ಕ ಅಲ್ಲಿ ಹೊಂದದು.

ಕೆಲುರಾಹಾನ್ ಬೇರೆಯೇ. ಅದು ಬಹುಮಟ್ಟಿಗೆ ಪಟ್ಟಣದ ಘಟಕ, ಮುಖ್ಯಸ್ಥ ಲುರಾಹ್ ಸರ್ಕಾರಿ ನೌಕರ, ಚುನಾವಣೆ ಇಲ್ಲ, ದಾನಾ ದೇಸಾವೂ ಇಲ್ಲ. "ವಾರ್ಡ್" ಎನ್ನಿ. ಅದರ ಮೇಲಿನ ಕೆಚಾಮಾತಾನ್‌ಗೆ "ತಾಲೂಕು" ನಡೆಯುತ್ತದೆ. ಅಲ್ಲಿನ ಚಾಮಾತ್ ಕೂಡ ನೇಮಕಗೊಂಡ ಅಧಿಕಾರಿಯೇ.

ನೆಗೆರಿ ಎಲ್ಲಕ್ಕಿಂತ ಜಾರುವ ಪದ. ಮೂಲ ನಗರಿ. ಮಲೇಷ್ಯಾದಲ್ಲಿ ಅದು ರಾಜ್ಯ. ಇಂಡೊನೇಷ್ಯಾದ ಸಾಮಾನ್ಯ ಬಳಕೆಯಲ್ಲಿ ನಾಡು, ದೇಶ. "ಲುವಾರ್ ನೆಗೆರಿ" ಎಂದರೆ ವಿದೇಶ. ಮಾಲುಕುವಿನ ಆಂಬೊನ್, ಹಾರುಕು, ಸಾಪಾರುವಾ ದ್ವೀಪಗಳ ಕಡೆ ಅದೇ ನೆಗೆರಿ ಒಂದು ಹಳ್ಳಿ. ತನ್ನದೇ ಭೂಮಿ, ತನ್ನದೇ ಕಡಲಿನ ಎಲ್ಲೆ ಉಳ್ಳ ರೂಢಿಗತ ಊರು. 1979ರ ಕಾನೂನು ದೇಶದ ಎಲ್ಲ ಊರುಗಳಿಗೂ ದೇಸಾ ಎಂಬ ಒಂದೇ ಅಚ್ಚು ಹಾಕಿತು, ನೆಗೆರಿ ಕಾಗದದಿಂದ ಅಳಿಸಿಹೋಯಿತು. ವಿಕೇಂದ್ರೀಕರಣದ ನಂತರ ಅದು ಮರಳಿತು. 2014ರ ಗ್ರಾಮ ಕಾನೂನು ರೂಢಿಗತ ಊರುಗಳಿಗೆ ಪ್ರತ್ಯೇಕ ಜಾಗವನ್ನೂ ಕೊಟ್ಟಿತು. ಹಾಗಾಗಿ ವರದಿಯ 1980ರ ದಶಕದ ಭಾಗದಲ್ಲಿ ದೇಸಾ, ಈಚಿನ ಭಾಗದಲ್ಲಿ ನೆಗೆರಿ ಎಂದಿದ್ದರೆ ಅದು ಒಂದೇ ಊರಿರಬಹುದು. ನೆಗೆರಿಯನ್ನು ನೆಗೆರಿ ಎಂದೇ ಬಿಟ್ಟು ಮೊದಲ ಸಲ ವಿವರಿಸುವುದು ಮೇಲು. ರಾಜಾ ಕೂಡ ಹಾಗೇ: ಆಳುವ ಮನೆತನದಿಂದ ಬರುವ ಊರ ಮುಖ್ಯಸ್ಥ, ಸರ್ಕಾರಿ ಕಾಗದದಲ್ಲಿ ಕೆಪಾಲಾ ದೇಸಾಕ್ಕೆ ಸಮ. "ಅರಸ", "ದೊರೆ" ಎಂದರೆ ಅರಮನೆ ಕಣ್ಣಿಗೆ ಬರುತ್ತದೆ.

ದುಸುನ್ ಬಂದಲ್ಲೆಲ್ಲ ನಿಲ್ಲಿ. ಕಾನೂನಿನಲ್ಲಿ ಅದು ಊರಿನ ಭಾಗ, ಮಜರೆ. ಆಂಬೊನ್ ಕಡೆಯ ಮಾತಿನಲ್ಲಿ ಸಾಗೋ ತಾಳೆ, ಜಾಯಿಕಾಯಿ, ಹಣ್ಣಿನ ಮರಗಳ ಮಿಶ್ರತೋಟವೂ ದುಸುನ್. "ಎರಡು ದುಸುನ್‌ಗಳಿಗೆ ಸಾಸಿ" ಎಂದಿದ್ದರೆ ಅದು ತೋಟ.

ಮತ್ತೊಂದು ಉತ್ತರ

ಮೇಲಿನವರ ವಿವರಣೆಗೆ ತಕರಾರಿಲ್ಲ, "ಕಟ್ಟು" ಮಾತ್ರ ಒಪ್ಪಲಾರೆ. ಲೋಲಾಕ್ಕೆ ನಡೆದೀತು, "ಹೊಳೆಗೆ ಕಟ್ಟು ಹಾಕಿದರು" ಅಂದರೆ ಓದುವವರು ಅಣೆಕಟ್ಟು ಎಂದೇ ತಿಳಿಯುತ್ತಾರೆ. ವರದಿಯ ಮುಖ್ಯ ಉದಾಹರಣೆ ಹೊಳೆಯೇ ಆಗಿದ್ದರೆ ಪುಟಪುಟಕ್ಕೂ ತೊಂದರೆ. ಸಾಸಿಯನ್ನು ಸಾಸಿ ಎಂದೇ ಉಳಿಸಿ, ಕ್ರಿಯಾಪದ ನಮ್ಮದಿರಲಿ: ಸಾಸಿ ಹಾಕಿದರು, ಸಾಸಿ ತೆಗೆದರು. ಕನ್ನಡದ "ತೆಗೆ"ಗೆ ತೆರೆ, ಹೋಗಲಾಡಿಸು ಎರಡೂ ಅರ್ಥ ಇರುವುದರಿಂದ ಹೇಗೆ ಓದಿದರೂ ಕೊಯ್ಲು ಶುರುವಾಯಿತು ಎಂದೇ ಬರುತ್ತದೆ. ಕೇವಾಂಗ್‌ಗೆ "ಕಾವಲುಗಾರ" ತುಸು ಬಡವಾಯಿತು, ಅವರು ತಪ್ಪಿಗೆ ದಂಡ ಹಾಕುವವರೂ ಹೌದು. "ಸಾಸಿ ಕಾವಲು ಮಂಡಳಿ" ಎನ್ನಿ. ರಾಜಾಗೆ ಮೊಗವೀರರ "ಗುರಿಕಾರ" ಹತ್ತಿರ ಬರುತ್ತದಾದರೂ ಗುರಿಕಾರರಿಗೆ ಸರ್ಕಾರಿ ಸಹಿಯ ಅಧಿಕಾರವಿಲ್ಲ, ಹಾಗಾಗಿ ಅದು ಅಡಿಟಿಪ್ಪಣಿಗಷ್ಟೇ ಆದೀತು.

ಕಡಲಿನ ಪರವಾನಗಿಯ ಮಾತು ಬಂದಲ್ಲಿ ಇಸವಿ ನೋಡಿ. ಮೊದಲು ದಡದಿಂದ 4 ನಾವಿಕ ಮೈಲಿವರೆಗೆ ಜಿಲ್ಲೆಯ ಅಧಿಕಾರವಿತ್ತು. 2014ರ ಪ್ರಾದೇಶಿಕ ಆಡಳಿತ ಕಾನೂನಿನಿಂದ 12 ಮೈಲಿವರೆಗಿನದೆಲ್ಲ ಪ್ರಾಂತ್ಯಕ್ಕೆ ಹೋಯಿತು. ಹಳೆಯ ಭಾಗದಲ್ಲಿ ಬುಪಾತಿ, ಹೊಸ ಭಾಗದಲ್ಲಿ ಗವರ್ನರ್ ಬಂದರೆ ಅದು ಮುದ್ರಣದೋಷವಲ್ಲ.

ಲಿಪ್ಯಂತರಕ್ಕೂ ಒಂದು ಮಾತು: ಅವರ "ಸಿ" ಅಕ್ಷರ ಯಾವಾಗಲೂ ಚಕಾರ, ಕೆಚಾಮಾತಾನ್ ಅನ್ನು ಇಂಗ್ಲಿಷಿನಂತೆ ಓದಿ "ಕೆಕಮಟನ್" ಮಾಡಬೇಡಿ. ತಕಾರ ದಂತ್ಯ. 1972ಕ್ಕೆ ಮೊದಲಿನ ಕಾಗದಗಳಲ್ಲಿ ಚಕಾರವನ್ನು ಡಚ್ಚರ ರೀತಿಯಲ್ಲಿ "ಟಿ, ಜೆ" ಎಂಬ ಎರಡು ಅಕ್ಷರ ಸೇರಿಸಿ ಬರೆಯುತ್ತಿದ್ದರು, ಆದ್ದರಿಂದ ಹಳೆಯ ದಾಖಲೆಯ "ತ್ಜಮತ್" ಬೇರೆ ಅಧಿಕಾರಿಯಲ್ಲ, ಅದೇ ಚಾಮಾತ್.