ಸಹಾಯ ಬೇಕು: ಪಾದದ ಮೂಳೆಯ ಬಿರುಕು ಮತ್ತು ಮುಂದಿನ ವೃತ್ತಿ

ಎಲ್ಲರಿಗೂ ನಮಸ್ಕಾರ. ನಾನು ವೃತ್ತಿಪರ ಬ್ಯಾಲೆ ನರ್ತಕಿ. ಎಡಪಾದದ ಎರಡನೇ ಬೆರಳಿನ ಹಿಂದಿನ ಉದ್ದ ಮೂಳೆಯ ಬುಡದಲ್ಲಿ ಬಿರುಕು ಬಿಟ್ಟಿದೆ. ಪಾಯಿಂಟ್ ಶೂ ತೊಟ್ಟು ತುದಿಗಾಲಲ್ಲಿ ನಿಲ್ಲುವವರನ್ನು ಕಾಡುವ ಜಾಗವೇ ಅದು. ಎಕ್ಸ್-ರೇಯಲ್ಲಿ ಏನೂ ಕಾಣಲಿಲ್ಲ. ಎಂಆರ್‌ಐ ಮಾಡಿಸಿದ ಮೇಲೆ ಗೊತ್ತಾಯಿತು.

ಮೂಳೆ ಕೂಡುತ್ತದೆ ಎಂದಿದ್ದಾರೆ, ಹಾಗಾಗಿ ದಯವಿಟ್ಟು ಮನೆಮದ್ದು ಸೂಚಿಸಬೇಡಿ. ನನ್ನ ಚಿಂತೆ ಬೇರೆ. ತಿಂಗಳುಗಳಿಂದ ಮುಟ್ಟು ಸರಿಯಾಗಿ ಆಗುತ್ತಿಲ್ಲ. ದುಡಿಮೆಗೆ ತಕ್ಕ ಊಟ ದೇಹಕ್ಕೆ ಸಿಗದಿದ್ದರೆ ಹಾರ್ಮೋನು ಏರುಪೇರಾಗಿ ಮೂಳೆ ಸೊರಗುತ್ತದೆ ಎಂದು ವೈದ್ಯೆ ವಿವರಿಸಿದರು. ನಮ್ಮ ತಾಲೀಮು ಕೋಣೆಯಲ್ಲಿ ಮಾತ್ರ ಸಣಕಲಾದಷ್ಟೂ ಶಹಬ್ಬಾಸ್‌ಗಿರಿ! ಇಂಥ ಸ್ಥಿತಿಯಿಂದ ಚೇತರಿಸಿಕೊಂಡವರು ಇಲ್ಲಿ ಇದ್ದೀರಾ? ಪಾಯಿಂಟ್ ಶೂಗೆ ಮರಳಲು ಒಪ್ಪುವ ಮುನ್ನ ನಿಮ್ಮ ಫಿಸಿಯೋಥೆರಪಿಸ್ಟ್ ಏನೇನು ಪರೀಕ್ಷಿಸಿದರು? ಒಂಟಿಕಾಲಲ್ಲಿ ಹಿಮ್ಮಡಿ ಎತ್ತಿಳಿಸುವುದು ಸಾಕಾಯಿತೇ, ಜಿಗಿತವನ್ನೂ ನೋಡಿದರೇ?

ಇನ್ನೊಂದು, ಒಪ್ಪಂದದ ವಿಷಯ. ಈ ಹಂಗಾಮು ಮುಗಿದ ಮೇಲೆ ನವೀಕರಿಸುತ್ತಾರೋ ಇಲ್ಲವೋ, ಯಾರೂ ಬಾಯಿ ಬಿಡುತ್ತಿಲ್ಲ. ಪ್ಯಾರಿಸ್ ಒಪೆರಾದ ನರ್ತಕರಿಗೆ 42ಕ್ಕೆ ನಿವೃತ್ತಿ, ಜೊತೆಗೆ ಪಿಂಚಣಿ. ಬ್ರಿಟನ್ನಿನಲ್ಲಿ ನರ್ತಕರು ಬೇರೆ ವೃತ್ತಿಗೆ ಹೊರಳಲು ಬೇಕಾದ ಮರುತರಬೇತಿಗೆಂದೇ 1973ರಲ್ಲಿ ನಿಧಿ ಸ್ಥಾಪಿಸಿದರು. ನಮ್ಮ ತಂಡದಲ್ಲಿ ಅಂಥದ್ದೇನೂ ಇಲ್ಲ. ನೃತ್ಯ ನಿಂತ ಮೇಲೆ ಪಿಲಾಟೀಸ್ ವ್ಯಾಯಾಮ ಕಲಿಸು ಎನ್ನುವವರೇ ಎಲ್ಲರೂ. ನನಗೆ ಮನಸ್ಸಿರುವುದು ರಂಗದ ಬೆಳಕಿನ ವಿನ್ಯಾಸದಲ್ಲಿ. ನರ್ತಿಸುತ್ತಲೇ ಅದನ್ನು ಕಲಿತವರಿದ್ದರೆ, ತಾಲೀಮಿನ ನಡುವೆ ಓದಿಗೆ ಸಮಯ ಹೇಗೆ ಹೊಂದಿಸಿದಿರಿ? ನಿರ್ದೇಶಕರಿಗೆ ಮೊದಲೇ ತಿಳಿಸಿದಿರಾ? ತಿಳಿಸಿದರೆ ಪಾತ್ರಗಳು ಕೈತಪ್ಪುತ್ತವೆಯೇ ಎಂಬ ಅಳುಕು ನನಗಿದೆ.