ಜೇನುನೊಣದ ವಿಷ, ಕಪ್ಪೆ ಚರ್ಮ: ಎಚ್‌ಐವಿಗೆ ಇವುಗಳಿಂದ ಔಷಧ ಸಿಗುತ್ತಾ?

ಪ್ರಶ್ನೆ: ಜೇನುನೊಣದ ವಿಷ ಎಚ್‌ಐವಿಯನ್ನು ಕೊಲ್ಲುತ್ತದೆ ಅಂತ ವಾಟ್ಸಾಪ್‌ನಲ್ಲಿ ಓದಿದೆ. ಕಪ್ಪೆ ಚರ್ಮದಲ್ಲೂ ಅಂಥದ್ದೇ ಪೆಪ್ಟೈಡ್ (ಅಮೈನೋ ಆಮ್ಲಗಳನ್ನು ಪೋಣಿಸಿದ ಪುಟ್ಟ ಪ್ರೊಟೀನ್) ಇದೆಯಂತೆ. ನಿಜಾನಾ? ನಮ್ಮ ಸಂಬಂಧಿಕರೊಬ್ಬರು ಎಆರ್‌ಟಿ ಮಾತ್ರೆ (ಎಚ್‌ಐವಿಯನ್ನು ಹತೋಟಿಯಲ್ಲಿಡುವ ಔಷಧ) ತಗೊಳ್ತಿದ್ದಾರೆ, ಅದಕ್ಕೇ ಕೇಳಿದೆ.

ಉತ್ತರ (ಪೆಪ್ಟೈಡ್ ಸಂಶೋಧಕಿ): ಮೊದಲು ಅವರಿಗೆ ಹೇಳಿ, ಮಾತ್ರೆ ಒಂದು ದಿನವೂ ತಪ್ಪಿಸಬಾರದು. ಅದರ ಬದಲಿಗೆ ಕೊಡುವಂಥ ಪೆಪ್ಟೈಡ್ ಇವುಗಳಲ್ಲಿ ಯಾವುದೂ ಇಲ್ಲ.

ಸುದ್ದಿ ಪೂರ್ತಿ ಸುಳ್ಳಲ್ಲ. ಜೇನುನೊಣದ ವಿಷದಲ್ಲಿರುವ ಮೆಲಿಟಿನ್ ಎಂಬ ಪೆಪ್ಟೈಡನ್ನು ಅತಿ ಸಣ್ಣ ನ್ಯಾನೋಕಣಗಳಿಗೆ ಸೇರಿಸಿ, 2013ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದವರು ಎಚ್‌ಐವಿ ಮೇಲೆ ಪ್ರಯೋಗಿಸಿದರು. ಆಸ್ಟ್ರೇಲಿಯಾದ ಮರಗಪ್ಪೆಗಳ ಕೇರಿನ್ ಪೆಪ್ಟೈಡ್‌ಗಳೂ ಟಿ ಕೋಶಗಳಿಗೆ (ಎಚ್‌ಐವಿ ದಾಳಿ ಮಾಡುವ ಬಿಳಿ ರಕ್ತಕಣಗಳಿಗೆ) ಸೋಂಕು ತಗಲದಂತೆ ತಡೆದವು. ಆದರೆ ಇದೆಲ್ಲ ಲ್ಯಾಬಿನಲ್ಲಿ ಬೆಳೆಸಿದ ಕೋಶಗಳ ಮೇಲೆ ಆಗಿದ್ದು, ರೋಗಿಗಳ ಮೇಲಲ್ಲ.

ತೊಡಕು ಇಲ್ಲಿದೆ. ಇಂಥ ಪೆಪ್ಟೈಡ್‌ಗಳಲ್ಲಿ ಹೆಚ್ಚಿನವು ಬ್ಯಾಕ್ಟೀರಿಯಾದ ಪೊರೆ ತೂತು ಮಾಡುತ್ತವೆ. ಎಚ್‌ಐವಿ ಹೊದ್ದುಕೊಂಡಿರುವ ಪೊರೆ ಮಾತ್ರ ನಮ್ಮದೇ ಕೋಶದಿಂದ ಕಿತ್ತುಕೊಂಡದ್ದು! ಅದನ್ನು ಹರಿಯುವಂಥದ್ದು ನಮ್ಮ ಕೋಶವನ್ನೂ ಹರಿದೀತು, ಅಲ್ವಾ?

ಹಾಗಾಗಿ ಪರೀಕ್ಷೆ ಯಾವಾಗಲೂ ಜೋಡಿಯಾಗಿ ನಡೆಯುತ್ತದೆ. ಲ್ಯಾಬಿನ ತಟ್ಟೆಯ ಕೆಲವು ಗುಳಿಗಳಲ್ಲಿ ಕೋಶ, ವೈರಸ್, ಪೆಪ್ಟೈಡ್ ಮೂರೂ ಇರುತ್ತವೆ. ಪಕ್ಕದ ಗುಳಿಗಳಲ್ಲಿ ವೈರಸ್ ಇಲ್ಲ, ಬರೀ ಕೋಶ ಮತ್ತು ಪೆಪ್ಟೈಡ್. ಮೊದಲನೆಯದರಲ್ಲಿ ವೈರಸ್ ಕಡಿಮೆಯಾದರೆ ಸಾಲದು, ಎರಡನೆಯದರಲ್ಲಿ ಕೋಶಗಳು ಬದುಕಿರಬೇಕು. ಸತ್ತ ಕೋಶದಲ್ಲಿ ವೈರಸ್ ಹುಟ್ಟುವುದಿಲ್ಲ. ಸುಮ್ನೆ ಮೊದಲನೆಯದನ್ನಷ್ಟೇ ನೋಡಿದರೆ ವಿಷವೂ ಔಷಧದ ಹಾಗೆ ಕಾಣುತ್ತದೆ.

ಮರುಪ್ರಶ್ನೆ: ಹಾಗಾದ್ರೆ ಇಷ್ಟು ಹುಡುಕಿದ್ದೆಲ್ಲ ದಂಡವಾ?

ಉತ್ತರ: ಖಂಡಿತ ಇಲ್ಲ. ನನಗೆ ತುಂಬಾ ಇಷ್ಟವಾದ ಉದಾಹರಣೆ ಪಾಲಿಫೆಮುಸಿನ್. ಇದು ಅಮೆರಿಕದ ಹಾರ್ಸ್‌ಶೂ ಏಡಿಯ ಪೆಪ್ಟೈಡ್. ಜಪಾನಿನ ಸಂಶೋಧಕರು ಅದರ ಕೆಲವು ಅಮೈನೋ ಆಮ್ಲಗಳನ್ನು ಬದಲಿಸಿ ಟಿ22 ಮಾಡಿದರು. ಅದು ಪೊರೆ ಹರಿಯುವ ಬದಲು, ಕೆಲವು ಎಚ್‌ಐವಿ ತಳಿಗಳು ಒಳಗೆ ನುಗ್ಗುವ ಸಿಎಕ್ಸ್‌ಸಿಆರ್4 ಎಂಬ ಬಾಗಿಲಿಗೆ ಅಡ್ಡ ಕೂರುತ್ತದೆ. ಅದೇ ಸಾಲಿನ ಮೋಟಿಕ್ಸಾಫೋರ್ಟೈಡ್‌ಗೆ 2023ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಎಚ್‌ಐವಿಗಲ್ಲ, ಮಲ್ಟಿಪಲ್ ಮೈಲೋಮಾ ಎಂಬ ಕ್ಯಾನ್ಸರ್ ಇರುವವರ ಸ್ಟೆಮ್ ಸೆಲ್‌ಗಳನ್ನು (ರಕ್ತಕಣ ಹುಟ್ಟಿಸುವ ಮೂಲ ಕೋಶಗಳನ್ನು) ಮೂಳೆಮಜ್ಜೆಯಿಂದ ರಕ್ತಕ್ಕೆ ತರಲು. ರೋಗಿಗೆ ಉಪಯೋಗವಾಯಿತಲ್ಲ, ನನಗೆ ಅದೇ ಖುಷಿ.

ಎಚ್‌ಐವಿಗೇ ಬಂದ ಪೆಪ್ಟೈಡ್ ಔಷಧವೂ ಒಂದಿದೆ: ಎನ್‌ಫುವಿರ್ಟೈಡ್, 2003. ಅದನ್ನು ಮಾಡಿದ್ದು ವೈರಸ್ಸಿನ ಸ್ವಂತ ಪ್ರೊಟೀನಿನ ತುಣುಕಿನಿಂದ. ದಿನಕ್ಕೆ ಎರಡು ಸಲ ಚುಚ್ಚಿಕೊಳ್ಳಬೇಕು. ನುಂಗಿದರೆ ಹೊಟ್ಟೆಯಲ್ಲೇ ಜೀರ್ಣವಾಗಿಬಿಡುತ್ತದೆ.

ಇನ್ನೊಬ್ಬರ ಪ್ರಶ್ನೆ: ನಮ್ಮ ಪಶ್ಚಿಮ ಘಟ್ಟದ ಕಪ್ಪೆಗಳಲ್ಲಿ ಏನಾದ್ರೂ ಸಿಕ್ಕಿದೆಯಾ?

ಉತ್ತರ: ಸಿಕ್ಕಿದೆ, ಆದರೆ ಫ್ಲೂಗೆ. ಕೇರಳದ ಕಪ್ಪೆಯೊಂದರ ಉರುಮಿನ್ ಪೆಪ್ಟೈಡ್ ಎಚ್1 ಬಗೆಯ ಫ್ಲೂ ವೈರಸ್ಸನ್ನು ಒಡೆಯುತ್ತದೆ ಅಂತ 2017ರಲ್ಲಿ ಪ್ರಕಟವಾಯಿತು. ಮನುಷ್ಯರ ಕೆಂಪು ರಕ್ತಕಣಗಳಿಗೆ ಅದರಿಂದ ಹಾನಿ ಕಾಣಲಿಲ್ಲ, ಅದು ದೊಡ್ಡ ವಿಷಯ. ಮತ್ತೆ, ದಯವಿಟ್ಟು ಯಾರೂ ಕಪ್ಪೆ ಹಿಡಿಯಲು ಹೋಗಬೇಡಿ. ಅಮೈನೋ ಆಮ್ಲಗಳ ಸಾಲು ಗೊತ್ತಾದರೆ ಪೆಪ್ಟೈಡನ್ನು ಲ್ಯಾಬಿನಲ್ಲೇ ಜೋಡಿಸಿಕೊಳ್ಳುತ್ತೇವೆ.