ಬೊಮ್ಮಾಯಿ ಪ್ರಕರಣ: ಮೊಕದ್ದಮೆ ಗೆದ್ದರೂ ಸರ್ಕಾರ ಮರಳಲಿಲ್ಲ, ರಾಜ್ಯಗಳಿಗೆ ದಕ್ಕಿದ್ದೇನು?

ಪ್ರಶ್ನೆ – ರಾಜ್ಯಶಾಸ್ತ್ರದ ವಿದ್ಯಾರ್ಥಿ

ಕೇಂದ್ರ–ರಾಜ್ಯ ಸಂಬಂಧದ ಮಾತು ಬಂದಾಗಲೆಲ್ಲ ಎಸ್.ಆರ್. ಬೊಮ್ಮಾಯಿ ಪ್ರಕರಣವನ್ನು ರಾಜ್ಯಗಳ ದೊಡ್ಡ ಗೆಲುವೆಂದು ಹೇಳುತ್ತಾರೆ. ಆದರೆ ಕರ್ನಾಟಕದ ಮುಖ್ಯಮಂತ್ರಿಯಾಗಿದ್ದ ಬೊಮ್ಮಾಯಿಯವರ, 1989ರ ಏಪ್ರಿಲ್ 21ರಂದು ವಜಾಗೊಂಡ ಸರ್ಕಾರದ ಬಗ್ಗೆ ಸುಪ್ರೀಂ ಕೋರ್ಟಿನ ತೀರ್ಪು ಬಂದದ್ದು 1994ರ ಮಾರ್ಚ್ 11ರಂದು. ಅಷ್ಟರಲ್ಲಿ ಚುನಾವಣೆ ನಡೆದು ಬೇರೆ ಪಕ್ಷ ಅಧಿಕಾರಕ್ಕೆ ಬಂದು ನಾಲ್ಕು ವರ್ಷ ಕಳೆದಿತ್ತು. ಆ ವಜಾ ಸಂವಿಧಾನಬಾಹಿರವೆಂದು ನ್ಯಾಯಾಲಯ ಹೇಳಿದರೂ ವಜಾಗೊಂಡವರಿಗೆ ಏನೂ ಮರಳಿ ಸಿಗಲಿಲ್ಲ. ಹೀಗಿರುವಾಗ ಇದನ್ನು ಪಠ್ಯಪುಸ್ತಕದ ಗೆಲುವೆಂದಲ್ಲದೆ ಬೇರೇನೆಂದು ಕರೆಯಬೇಕು?

ಉತ್ತರ – ಧಾರವಾಡದ ವಕೀಲ

ಆ ಏಪ್ರಿಲ್‌ನಲ್ಲಿ ನಡೆದದ್ದನ್ನು ಮೊದಲು ಗಮನಿಸಿ. ಬೆಂಬಲ ಹಿಂತೆಗೆದುಕೊಂಡಿದ್ದೇವೆ ಎನ್ನುವ 19 ಶಾಸಕರ ಪತ್ರಗಳು ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯನವರ ಕೈಸೇರಿದವು, ಅವರು ಮರುದಿನವೇ ರಾಷ್ಟ್ರಪತಿಗೆ ವರದಿ ಕಳುಹಿಸಿದರು. ಅದರ ಬೆನ್ನಿಗೇ, ಆ 19 ಮಂದಿಯಲ್ಲಿ ಏಳು ಮಂದಿ ತಮಗೆ ತಪ್ಪು ಮಾಹಿತಿ ಕೊಟ್ಟು ಸಹಿ ಹಾಕಿಸಿಕೊಳ್ಳಲಾಗಿದೆ ಎಂದು ಬರೆದುಕೊಟ್ಟರು. ಸಂಪುಟವು ಏಪ್ರಿಲ್ 27ಕ್ಕೆ ಅಧಿವೇಶನ ನಿಗದಿಪಡಿಸಿತ್ತು. ಬೇಕಿದ್ದರೆ ಇನ್ನೂ ಮೊದಲೇ ಸದನ ಕರೆದು ಬಹುಮತ ಸಾಬೀತುಪಡಿಸುವುದಾಗಿ ಮುಖ್ಯಮಂತ್ರಿಗಳು ಹೇಳಿದರು. ರಾಜ್ಯಪಾಲರು ಒಪ್ಪಲಿಲ್ಲ. ಆ ಕಾರಣಕ್ಕಾಗಿಯೇ, ಬಹುಮತದ ಪರೀಕ್ಷೆ ನಡೆಯಬೇಕಾದದ್ದು ಸದನದಲ್ಲೇ ಹೊರತು ರಾಜಭವನದಲ್ಲಲ್ಲ ಎಂಬ ಮಾತು ತೀರ್ಪಿನಲ್ಲಿ ಅಷ್ಟು ಗಟ್ಟಿಯಾಗಿ ಬಂದಿದೆ.

ಎಲ್ಲರೂ ಉದ್ಧರಿಸುವುದು ಈ ಮಾತನ್ನೇ. ನಿಮ್ಮ ಪ್ರಶ್ನೆಗೆ ಉತ್ತರವಿರುವುದು ಮಾತ್ರ ಅಷ್ಟಾಗಿ ಯಾರೂ ಓದದ ಭಾಗದಲ್ಲಿ. ರಾಜ್ಯದಲ್ಲಿ ರಾಷ್ಟ್ರಪತಿ ಆಳ್ವಿಕೆ ಹೇರುವ, ಸಂವಿಧಾನದ 356ನೇ ವಿಧಿಯ ಘೋಷಣೆಗೆ ಸಂಸತ್ತಿನ ಎರಡೂ ಸದನಗಳು ಎರಡು ತಿಂಗಳೊಳಗೆ ಒಪ್ಪಿಗೆ ಕೊಡಬೇಕು. ಒಪ್ಪಿಗೆ ದೊರೆಯುವವರೆಗೆ ವಿಧಾನಸಭೆಯನ್ನು ಅಮಾನತಿನಲ್ಲಿ ಇಡಬಹುದೇ ಹೊರತು ವಿಸರ್ಜಿಸುವಂತಿಲ್ಲ. ಒಪ್ಪಿಗೆ ಸಿಗದಿದ್ದರೆ ಹಳೆಯ ಸರ್ಕಾರ ತಾನಾಗಿಯೇ ಮರಳುತ್ತದೆ. ಮೇಲಾಗಿ, ಪ್ರಕರಣ ಇತ್ಯರ್ಥವಾಗುವವರೆಗೆ ಹೊಸ ಚುನಾವಣೆಗೆ ನ್ಯಾಯಾಲಯ ತಡೆ ನೀಡಬಹುದು. ಬೊಮ್ಮಾಯಿಯವರಿಗೆ ಸಿಗದೆ ಹೋದ ಪರಿಹಾರ ಮುಂದಿನವರಿಗೆ ಸಿಗುವಂತಾದದ್ದು ಹೀಗೆ.

ಉತ್ತರ – ನಿವೃತ್ತ ಉಪನ್ಯಾಸಕಿ

ವಕೀಲರ ಮಾತಿಗೆ ಉದಾಹರಣೆಗಳು ಸಾಕಷ್ಟಿವೆ. ತೀರ್ಪಿಗೆ ಮೊದಲು, 1977ರಲ್ಲಿ ಕೇಂದ್ರದ ಜನತಾ ಸರ್ಕಾರ ಒಂಬತ್ತು ರಾಜ್ಯಗಳ ಕಾಂಗ್ರೆಸ್ ಸರ್ಕಾರಗಳನ್ನು ಒಮ್ಮೆಗೇ ಮನೆಗೆ ಕಳುಹಿಸಿತು. 1980ರಲ್ಲಿ ಇಂದಿರಾ ಗಾಂಧಿಯವರು ಮರಳಿ ಬಂದಾಗ ಮತ್ತೆ ಒಂಬತ್ತು ರಾಜ್ಯಗಳ ಸರದಿ. (ಈ ವಿಷಯದಲ್ಲಿ ಯಾವ ಪಕ್ಷವೂ ಇನ್ನೊಂದಕ್ಕೆ ಬುದ್ಧಿ ಹೇಳುವ ಸ್ಥಿತಿಯಲ್ಲಿಲ್ಲ.) ತೀರ್ಪಿನ ನಂತರ 1999ರ ಫೆಬ್ರುವರಿಯಲ್ಲಿ ಬಿಹಾರದ ರಾಬ್ಡಿ ದೇವಿ ಸರ್ಕಾರ ವಜಾಗೊಂಡಿತು, ಲೋಕಸಭೆ ಒಪ್ಪಿದರೂ ರಾಜ್ಯಸಭೆಯಲ್ಲಿ ಬಹುಮತವಿಲ್ಲದ ಕಾರಣ ವಾಜಪೇಯಿ ಸರ್ಕಾರ ಘೋಷಣೆಯನ್ನು ಹಿಂಪಡೆಯಿತು, ಮಾರ್ಚ್‌ನಲ್ಲಿ ಅದೇ ಮುಖ್ಯಮಂತ್ರಿ ಅದೇ ಕುರ್ಚಿಗೆ ಮರಳಿದರು. 2016ರಲ್ಲಿ ಉತ್ತರಾಖಂಡದಲ್ಲಿ ಸುಪ್ರೀಂ ಕೋರ್ಟಿನ ಉಸ್ತುವಾರಿಯಲ್ಲಿ ಮೇ 10ರಂದು ವಿಶ್ವಾಸಮತ ನಡೆದು ಹರೀಶ್ ರಾವತ್ ಅಧಿಕಾರಕ್ಕೆ ಹಿಂದಿರುಗಿದರು.

ಉತ್ತರ – ಓದುಗ

ನನಗೆ ಇಷ್ಟು ಸಮಾಧಾನವಿಲ್ಲ. 2005ರಲ್ಲಿ ಬಿಹಾರದ ಹೊಸ ವಿಧಾನಸಭೆಯನ್ನು ಅದು ಒಮ್ಮೆಯೂ ಸೇರುವ ಮೊದಲೇ ವಿಸರ್ಜಿಸಲಾಯಿತು. ಅದು ಸಂವಿಧಾನಬಾಹಿರವೆಂದ ನ್ಯಾಯಾಲಯವೇ, ಚುನಾವಣಾ ಪ್ರಕ್ರಿಯೆ ಶುರುವಾಗಿದೆಯೆಂದು ಸಭೆಯನ್ನು ಮರುಸ್ಥಾಪಿಸಲಿಲ್ಲ. ಜೊತೆಗೆ, ಸರ್ಕಾರವನ್ನು ವಜಾ ಮಾಡದೆಯೂ ಅದನ್ನು ಕಟ್ಟಿಹಾಕಲು ಸಾಧ್ಯವಿದೆ: ಮಸೂದೆಗಳಿಗೆ ಅಂಕಿತ ಹಾಕದೆ ಇಟ್ಟುಕೊಂಡರಾಯಿತು. 2025ರ ಏಪ್ರಿಲ್‌ನಲ್ಲಿ ತಮಿಳುನಾಡಿನ ಹತ್ತು ಮಸೂದೆಗಳಿಗೆ ಅಂಕಿತ ದೊರೆತಿದೆಯೆಂದೇ ಭಾವಿಸಬೇಕೆಂದು ಇಬ್ಬರು ನ್ಯಾಯಮೂರ್ತಿಗಳ ಪೀಠ ಹೇಳಿತು. ಅದೇ ನವೆಂಬರ್‌ನಲ್ಲಿ ರಾಷ್ಟ್ರಪತಿಗಳು ಕೇಳಿದ ಪ್ರಶ್ನೆಗಳಿಗೆ ಉತ್ತರಿಸಿದ ಐವರ ಪೀಠ, ರಾಜ್ಯಪಾಲರಿಗೆ ಕಾಲಮಿತಿ ವಿಧಿಸಲಾಗದು, ಕಾರಣ ಕೊಡದ ದೀರ್ಘ ವಿಳಂಬವನ್ನಷ್ಟೇ ಸೀಮಿತವಾಗಿ ಪ್ರಶ್ನಿಸಬಹುದು ಎಂದಿತು.

ಉತ್ತರ – ಧಾರವಾಡದ ವಕೀಲ

ಆಕ್ಷೇಪ ಸರಿಯಾಗಿದೆ. ಒಂದು ವ್ಯತ್ಯಾಸವನ್ನು ಮಾತ್ರ ಸೇರಿಸುತ್ತೇನೆ. ಬೊಮ್ಮಾಯಿಯವರು ನ್ಯಾಯಾಲಯದ ಮೆಟ್ಟಿಲೇರಿದ್ದು ಮಾಜಿ ಮುಖ್ಯಮಂತ್ರಿಯಾಗಿ. ಮಸೂದೆಗಳ ವಿಷಯದಲ್ಲಿ ಪಂಜಾಬ್, ಕೇರಳ, ತಮಿಳುನಾಡುಗಳು ಅಧಿಕಾರದಲ್ಲಿರುವ ಸರ್ಕಾರಗಳಾಗಿಯೇ, ತಮ್ಮ ಕಡತಗಳನ್ನೂ ವಕೀಲರನ್ನೂ ಜೊತೆಗಿಟ್ಟುಕೊಂಡು ಹೋದವು. ಮಸೂದೆಯನ್ನು ಅನಿರ್ದಿಷ್ಟಾವಧಿ ಇಟ್ಟುಕೊಳ್ಳುವಂತಿಲ್ಲ ಎಂಬ 2023ರ ನವೆಂಬರ್‌ನ ತೀರ್ಪು ಬಂದದ್ದು ಪಂಜಾಬ್ ಸರ್ಕಾರವೇ ಹೂಡಿದ ಮೊಕದ್ದಮೆಯಲ್ಲಿ.